ಎರಡು ಟ್ಯಾಗಿನ ಲೈನಿಗೆ ಮೈಕ್ರೋಟಿಕ್ ಸಿಸಿಆರ್2004: ಕಾಸರಗೋಡಿನಲ್ಲಿ ಬಳಸಿದವಳ ವಿಮರ್ಶೆ

ದೊಡ್ಡ ಕಂಪನಿಯ ಫೈಬರ್ ಬಾಡಿಗೆಗೆ ಹಿಡಿದು ಹಳ್ಳಿಗೆ ಇಂಟರ್ನೆಟ್ ಕೊಡುವವರು ನೀವಾದರೆ, ಒಂದಲ್ಲ ಒಂದು ದಿನ ಅವರ ಕಡೆಯಿಂದ ಈ ಮಾತು ಬರುತ್ತದೆ: "ಎಲ್ಲಾ ಊರಿನ ಲೈನನ್ನೂ ಒಂದೇ ಪೋರ್ಟಿನಲ್ಲಿ ಕೊಡ್ತೇವೆ, ಡಬಲ್ ಟ್ಯಾಗ್ ಇರ್ತದೆ, ನಿಮ್ಮ ರೂಟರ್ ತಗೊಳ್ತದಾ?" ನಮಗೂ ಬಂತು. ಟ್ಯಾಗ್ ಅಂದರೆ ಯಾವ ಲೈನಿನದ್ದು ಎಂದು ಗುರುತಿಸಲು ಡೇಟಾಕ್ಕೆ ಅಂಟಿಸುವ ನಂಬರ್ ಚೀಟಿ. ಅದಕ್ಕಾಗಿ ತೆಗೆದುಕೊಂಡ ರೂಟರಿನ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಪೆಟ್ಟಿಗೆಯ ಹೆಸರು ಉದ್ದ: ಮೈಕ್ರೋಟಿಕ್ ಸಿಸಿಆರ್2004-1ಜಿ-12ಎಸ್+2ಎಕ್ಸ್‌ಎಸ್. ನಾವು ಸುಮ್ನೆ ಸಿಸಿಆರ್ ಅನ್ನುತ್ತೇವೆ.

ನನ್ನ ಪರಿಚಯ ಚಿಕ್ಕದು. ಮೊದಲು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಈಗ ಮನೆಯವರ ಕೇಬಲ್ ವ್ಯವಹಾರದಲ್ಲಿ ಇಂಟರ್ನೆಟ್ ಭಾಗ ನೋಡಿಕೊಳ್ಳುತ್ತೇನೆ. ಕಂಬ ಹತ್ತುವ ಹುಡುಗರು ಇವತ್ತಿಗೂ "ಟೀಚರೇ" ಎಂದೇ ಕರೆಯುತ್ತಾರೆ. "ಟೀಚರೇ, ಲೈಟ್ ಉಂಟು, ನೆಟ್ ಇಲ್ಲ" ಎಂಬ ವಾಕ್ಯ ಕೇಳದೆ ವಾರ ಕಳೆಯುವುದಿಲ್ಲ.

ನಮ್ಮ ಊರಿನ ನಕ್ಷೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಎರಡು ಟ್ಯಾಗ್ ಯಾಕೆ ಬೇಕಾಯಿತು ಅಂತ ಗೊತ್ತಾಗುವುದಿಲ್ಲ. ಕಾಸರಗೋಡು ಪೇಟೆಯಿಂದ ಒಳಗೆ ಬಂದರೆ ಚೆರ್ಕಳದಲ್ಲಿ ದಾರಿ ಒಡೆಯುತ್ತದೆ. ಒಂದು ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕದ ಕಡೆ ಹೋಗುತ್ತದೆ. ಇನ್ನೊಂದು ಬೋವಿಕ್ಕಾನ, ಮುಳ್ಳೇರಿಯ ದಾಟಿ ಜಾಲ್ಸೂರಿನ ಕಡೆ. ನಮ್ಮ ಗಿರಾಕಿಗಳು ಎರಡೂ ದಾರಿಯಲ್ಲಿದ್ದಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಮೂರೂ ಕಡೆ ನಮ್ಮ ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಪೆಟ್ಟಿಗೆ) ಇದೆ. ಅಲ್ಲಿಂದ ಪೇಟೆಗೆ ಸ್ವಂತ ಫೈಬರ್ ಎಳೆಯುವ ತಾಕತ್ತು ನಮಗಿಲ್ಲ. ಕಂಬದ ಬಾಡಿಗೆಯೇ ಸಾಕಷ್ಟಾಗುತ್ತದೆ. ಹಾಗಾಗಿ ನಡುವಿನ ದೂರಕ್ಕೆ ದೊಡ್ಡ ಕಂಪನಿಯೊಂದರ ಲೈನು. ಅದರ ಹೆಸರು ಇಲ್ಲಿ ಬೇಡ. ಮೊದಲು ಮೂರು ಊರಿಗೆ ಮೂರು ಪೋರ್ಟು, ಮೂರು ಬಿಲ್ಲು. ಈಗ ಪೇಟೆಯ ಅವರ ರೂಮಿನಲ್ಲಿ ನಮಗೆ ಒಂದೇ 10 ಗಿಗಾ ಪೋರ್ಟು. ಅದರೊಳಗೆ ಮೂರೂ ಊರು.

ಒಂದೇ ತಂತಿಯಲ್ಲಿ ಮೂರು ಊರು ಬಂದರೆ ಬೇರ್ಪಡಿಸುವುದು ಹೇಗೆ? ಅದಕ್ಕೇ ಹೊರ ಟ್ಯಾಗ್. ಪೆರ್ಲಕ್ಕೆ ಒಂದು ನಂಬರ್, ಬದಿಯಡ್ಕಕ್ಕೆ ಒಂದು, ಮುಳ್ಳೇರಿಯಕ್ಕೆ ಒಂದು. ಇದನ್ನು ಕೊಡುವವರು ಕಂಪನಿಯವರು. ಒಳಗಿನ ಟ್ಯಾಗ್ ನಮ್ಮದು, ಮನೆಗೊಂದು. ಅಂಚೆ ಚೀಲದ ಹಾಗೆ ಅಂದುಕೊಳ್ಳಿ. ಚೀಲದ ಮೇಲೆ ಪೆರ್ಲ ಎಂದಿರುತ್ತದೆ, ಒಳಗಿನ ಕಾಗದದಲ್ಲಿ ಮನೆ ಹೆಸರು. ದಾರಿಯಲ್ಲಿ ಚೀಲ ಹೊರುವವನಿಗೆ ಮನೆ ಹೆಸರು ಬೇಕಾಗಿಲ್ಲ.

ಹೀಗೆ ಒಂದೇ ತಂತಿಯೊಳಗೆ ಬೇರೆ ಮಾಡಿದ ಜಾಲಕ್ಕೆ ವಿಲ್ಯಾನ್ ಅನ್ನುತ್ತಾರೆ. ಒಂದು ವಿಲ್ಯಾನ್ ಟ್ಯಾಗಿನಲ್ಲಿ ನಂಬರಿಗೆ ಇರುವ ಜಾಗ 12 ಬಿಟ್. ಒಟ್ಟು 4096. ಅದರಲ್ಲಿ 0 ಮತ್ತು 4095 ಬಳಸುವ ಹಾಗಿಲ್ಲ, ಉಳಿದದ್ದು 4094. ಎರಡು ಟ್ಯಾಗ್ ಸೇರಿಸಿದರೆ 4094ನ್ನು 4094ರಿಂದ ಗುಣಿಸಬೇಕು, ಅಂದರೆ 1 ಕೋಟಿ 67 ಲಕ್ಷಕ್ಕೂ ಜಾಸ್ತಿ. ಪುಸ್ತಕಗಳಲ್ಲಿ ಈ ಲೆಕ್ಕವನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ನಮ್ಮಂಥವರಿಗೆ ಅದು ಮುಖ್ಯವೇ ಅಲ್ಲ. ಮುಖ್ಯವಾದದ್ದು ಯಜಮಾನಿಕೆ. ಒಳ ನಂಬರ್ ನಮ್ಮ ಇಷ್ಟ. ಪೆರ್ಲದಲ್ಲಿ 101 ಇಟ್ಟಿದ್ದೇನೆ, ಮುಳ್ಳೇರಿಯದಲ್ಲೂ 101 ಇಟ್ಟಿದ್ದೇನೆ, ಜಗಳ ಇಲ್ಲ. ಹೊಸ ಮನೆಗೆ ಕನೆಕ್ಷನ್ ಕೊಡಲು ಕಂಪನಿಯವರಿಗೆ ಮೇಲ್ ಹಾಕಿ ಕಾಯುವುದು ತಪ್ಪಿತು.

ಮನೆಗೊಂದು ವಿಲ್ಯಾನ್ ಯಾಕೆ, ಊರಿಗೆಲ್ಲ ಒಂದೇ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಕು, ಯಾರೂ ತಪ್ಪು ಮಾಡದಿದ್ದರೆ. ಮಕ್ಕಳು ವೈಫೈ ರೂಟರ್ ಒರೆಸಿ, ಕಳಚಿದ ವಯರನ್ನು ಲ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ಆ ರೂಟರ್ ಹಿಂದುಮುಂದಾಗಿ ನಮ್ಮ ಜಾಲಕ್ಕೇ ಐಪಿ ಹಂಚಲು ಶುರು ಮಾಡುತ್ತದೆ. ತಡೆ ಹಾಕದ ಕಡೆ ಪಕ್ಕದ ಮನೆಗಳೂ ನಿಲ್ಲುತ್ತವೆ. ಮನೆಗೊಂದು ಒಳ ಟ್ಯಾಗ್ ಇದ್ದರೆ ಆ ರೋಗ ಆ ಮನೆಯ ಗೇಟು ದಾಟುವುದಿಲ್ಲ. ಬ್ರಾಡ್‌ಬ್ಯಾಂಡ್ ಫೋರಂನ ಟಿಆರ್-101 ಎಂಬ ದಾಖಲೆಯಲ್ಲಿ ಈ ಎರಡೂ ಪದ್ಧತಿ ಇವೆ, 2006ರಿಂದಲೇ. ಹೊಸ ವಿದ್ಯೆ ಏನಲ್ಲ.

ಈಗ ರೂಟರಿಗೆ ಬರುತ್ತೇನೆ. ಮೈಕ್ರೋಟಿಕ್‌ನವರು ಲಾಟ್ವಿಯಾದ ರೀಗಾದವರು. ಸಣ್ಣ ಇಂಟರ್ನೆಟ್ ಕಂಪನಿಯವರ ರ‍್ಯಾಕಿನಲ್ಲಿ ಈ ಹೆಸರು ಕಾಣದಿರುವುದು ಅಪರೂಪ. ಈ ಪೆಟ್ಟಿಗೆಯಲ್ಲಿ 10 ಗಿಗಾದ 12 ಎಸ್‌ಎಫ್‌ಪಿ ಪ್ಲಸ್ ಪೋರ್ಟು (ಫೈಬರಿನ ಮಾಡ್ಯೂಲ್ ಚುಚ್ಚುವಂಥದ್ದು), 25 ಗಿಗಾದ 2 ಪೋರ್ಟು, ಒಂದು ಮಾಮೂಲಿ ಗಿಗಾಬಿಟ್ ಪೋರ್ಟು ಇವೆ. 4 ಕೋರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್. ತಾಮ್ರದ ಪೋರ್ಟು ಒಂದೇ ಇರುವುದು ಕೆಲವರಿಗೆ ಕೊರತೆ ಅನಿಸಬಹುದು. ನನಗೆ ಅದೇ ಇಷ್ಟವಾಯಿತು. ಏಪ್ರಿಲ್–ಮೇ ಮತ್ತೆ ತುಲಾ ಮಳೆಯ ಹೊತ್ತಿಗೆ ನಮ್ಮಲ್ಲಿ ಸಿಡಿಲು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಿಡಿಲು ಒಳಗೆ ಬರುವುದು ತಾಮ್ರದ ವಯರಿನಿಂದ, ಕರೆಂಟಿನ ಕಡೆಯಿಂದ. ಗಾಜಿನ ನೂಲಿನಲ್ಲಿ ಬರುವುದಿಲ್ಲ. ಪವರ್ ಇನ್‌ಪುಟ್ ಎರಡು ಇದೆ, ಒಂದನ್ನು ಇನ್ವರ್ಟರಿಗೆ, ಒಂದನ್ನು ನೇರ ಲೈನಿಗೆ ಹಾಕಬಹುದು. ಫ್ಯಾನ್ ಸದ್ದು ಇದೆ. ಮಲಗುವ ಕೋಣೆಯ ಪಕ್ಕ ಇಡಬೇಡಿ.

ಎರಡು ಟ್ಯಾಗ್ ಹಾಕುವ ರೀತಿ ನನಗೆ ತುಂಬಾ ಹಿಡಿಸಿತು. ವಿನ್‌ಬಾಕ್ಸ್ (ಮೈಕ್ರೋಟಿಕ್ ರೂಟರ್ ಹೊಂದಿಸುವ ತಂತ್ರಾಂಶ) ತೆರೆದು, ಇಂಟರ್‌ಫೇಸ್‌ನಲ್ಲಿ ವಿಲ್ಯಾನ್ ಟ್ಯಾಬಿಗೆ ಹೋಗಿ, ಒಂದು ವಿಲ್ಯಾನ್ ಮಾಡಿ. ನಂಬರ್ 1201 ಇರಲಿ, ಆಧಾರ ಕಂಪನಿಯ ಫೈಬರ್ ಬಂದ ಪೋರ್ಟು. ಹೆಸರು ಪೆರ್ಲ-ಹೊರ ಅಂತ ಇಡಿ. ಮತ್ತೆ ಇನ್ನೊಂದು ವಿಲ್ಯಾನ್ ಮಾಡಿ. ನಂಬರ್ 101, ಆಧಾರ ಆ ಪೆರ್ಲ-ಹೊರ. ಮುಗಿಯಿತು. ಫ್ರೇಮಿನಲ್ಲಿ (ತಂತಿಯಲ್ಲಿ ಹೋಗುವ ಡೇಟಾದ ಒಂದು ಕಟ್ಟಿನಲ್ಲಿ) ಟ್ಯಾಗುಗಳು ಒಂದರ ಹಿಂದೆ ಒಂದು ಹೇಗೆ ಕೂತಿವೆಯೋ, ಪರದೆಯ ಮೇಲೂ ಒಂದರ ಮೇಲೆ ಒಂದು ಹಾಗೇ ಕಾಣುತ್ತದೆ. ಹೊಸ ಹುಡುಗನಿಗೆ ಕಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಐಪಿ ವಿಳಾಸವೋ, ಗಿರಾಕಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಬರುವ ಪಿಪಿಪಿಒಇ ಸರ್ವರೋ, ಎಲ್ಲ ಒಳಗಿನದ್ದರ ಮೇಲೆ ಕೂರಬೇಕು. ಹೊರಗಿನದ್ದು ಬರೀ ಮೆಟ್ಟಿಲು, ಅದಕ್ಕೆ ವಿಳಾಸ ಕೊಡಬೇಕಾಗಿಲ್ಲ.

ಒಂದು ಚೌಕ ಇದೆ ಅಲ್ಲಿ, ಯೂಸ್ ಸರ್ವಿಸ್ ಟ್ಯಾಗ್ ಅಂತ. ಇಡೀ ಕಥೆ ಇರುವುದು ಆ ಚೌಕದಲ್ಲಿ.

ಪ್ರತಿ ಟ್ಯಾಗ್ 4 ಬೈಟ್. ಮೊದಲ 2 ಬೈಟ್ "ನಾನು ಟ್ಯಾಗ್" ಎಂದು ಹೇಳುವ ಗುರುತು, ಅದೇ ಈಥರ್‌ಟೈಪ್. ಮಾಮೂಲಿ ವಿಲ್ಯಾನಿಗೆ ಇದು 8100 (ಇವು ಹೆಕ್ಸ್ ಅಂಕಿಗಳು, ಹಾಗಾಗಿ ನಡುವೆ ಅಕ್ಷರವೂ ಬರುತ್ತದೆ). 2005ರಲ್ಲಿ ಒಪ್ಪಿಗೆಯಾದ 802.1ಎಡಿ ಎಂಬ ನಿಯಮದ ಪ್ರಕಾರ ಹೊರ ಟ್ಯಾಗಿನ ಗುರುತು 88ಎ8. ಆದರೆ ಆ ನಿಯಮ ಬರುವ ಮೊದಲೇ ಕಂಪನಿಗಳು ಎರಡು ಟ್ಯಾಗ್ ಹಾಕಲು ಶುರು ಮಾಡಿದ್ದವು. ಕೆಲವರು ಹೊರಗೂ 8100 ಇಟ್ಟರು, ಕೆಲವರು 9100. ಇವತ್ತಿಗೂ ಮೂರೂ ಸಿಗುತ್ತವೆ. ಚೌಕಕ್ಕೆ ಟಿಕ್ ಹಾಕಿದರೆ 88ಎ8, ಹಾಕದಿದ್ದರೆ 8100. ಟಿಕ್ ಬೇಕಾದರೆ ಹೊರಗಿನದ್ದಕ್ಕೆ ಮಾತ್ರ. ಒಳಗಿನದ್ದಕ್ಕೂ ಹಾಕಿದರೆ ಆ ಕಡೆಯ ಓಎಲ್‌ಟಿಗೆ ಅದು ಗುರುತೇ ಸಿಗುವುದಿಲ್ಲ.

ನಮಗೆ ಕಂಪನಿಯವರು ಕೊಟ್ಟ ಫಾರ್ಮಿನಲ್ಲಿ ಹೊರ ನಂಬರ್ ಇತ್ತು, ವೇಗ ಇತ್ತು, ಬಿಲ್ಲಿನ ವಿಳಾಸ ಇತ್ತು. ಈಥರ್‌ಟೈಪ್ ಇರಲಿಲ್ಲ. ಫೋನಿನಲ್ಲಿ ಕೇಳಿದರೆ "ಸ್ಟ್ಯಾಂಡರ್ಡ್, ಸ್ಟ್ಯಾಂಡರ್ಡ್" ಅಂದರು. ಸ್ಟ್ಯಾಂಡರ್ಡ್ ಅಂದರೆ 88ಎ8 ಅಲ್ವಾ? ಟಿಕ್ ಹಾಕಿ ಕೊಟ್ಟೆವು. ಪೋರ್ಟಿನ ಲೈಟು ಹತ್ತಿತು, ಮಿಣುಕುತ್ತಿತ್ತು, ಪೆರ್ಲದಿಂದ ಒಂದು ಪ್ಯಾಕೆಟ್ಟೂ ಬರಲಿಲ್ಲ. ಅವರ ಕಡೆಯಿಂದ ಉತ್ತರ ಗೊತ್ತಲ್ವಾ: "ನಮ್ಮ ಕಡೆ ಎಲ್ಲ ಕ್ಲಿಯರ್." ಇಂಥ ಹೊತ್ತಿನಲ್ಲಿ ಈ ರೂಟರ್ ಕೈ ಹಿಡಿಯುತ್ತದೆ. ಒಳಗೇ ಸ್ನಿಫರ್ ಇದೆ, ಅಂದರೆ ಹೋಗಿ ಬರುವ ಪ್ಯಾಕೆಟ್ ಹಿಡಿದಿಡುವ ಸಾಧನ. ವಿಲ್ಯಾನಿನ ಮೇಲಲ್ಲ, ಅಡಿಯ ಪೋರ್ಟಿನ ಮೇಲೆ ಅದನ್ನು ಓಡಿಸಿ, ಸಿಕ್ಕಿದ್ದನ್ನು ಫೈಲಾಗಿ ಉಳಿಸಿ, ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕಿನಿಂದ ತೆರೆದೆ. ಎರಡೂ ಟ್ಯಾಗಿನ ಗುರುತು 8100. ಅದರ ಚಿತ್ರ ತೆಗೆದು ಕಳಿಸಿದ ಮೇಲೆ ಅವರ ದನಿ ಬದಲಾಯಿತು. ಟಿಕ್ ತೆಗೆದೆವು, ಪೆರ್ಲ ಎದ್ದು ಕೂತಿತು.

ನಿಮ್ಮ ಕಂಪನಿ 9100 ಅಂದರೆ ಸ್ವಲ್ಪ ಜಾಗ್ರತೆ. ಇದರ ವಿಲ್ಯಾನ್ ಇಂಟರ್‌ಫೇಸಿನಲ್ಲಿ ಆ ಆಯ್ಕೆ ಇಲ್ಲ. ಬ್ರಿಡ್ಜಿನ ಈಥರ್‌ಟೈಪ್ ಜಾಗದಲ್ಲಿ ಇದೆ, ಅಂದರೆ ದಾರಿ ಸುತ್ತು. ಸಾಧ್ಯವಾದರೆ ಕಂಪನಿಯವರಿಗೇ 8100 ಅಥವಾ 88ಎ8 ಮಾಡಿಕೊಡಲು ಹೇಳಿ.

ಎರಡನೇ ತೊಂದರೆ ಇನ್ನೂ ಸತಾಯಿಸಿತು. ಮುಳ್ಳೇರಿಯದ ಕಡೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತಿತ್ತು. ಪಿಂಗ್ ಹೋಗುತ್ತದೆ. ಯುಪಿಐ ಆಗುತ್ತದೆ. ವಾಟ್ಸಾಪಿನಲ್ಲಿ ಅಕ್ಷರ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಕೆಲವು ಸೈಟು ಅರ್ಧ ತೆರೆದು ನಿಲ್ಲುತ್ತದೆ. ಸಣ್ಣದು ಹೋಗಿ ದೊಡ್ಡದು ಸಿಕ್ಕಿಕೊಂಡರೆ ಮೊದಲು ಅನುಮಾನ ಪಡಬೇಕಾದದ್ದು ಎಂಟಿಯು, ಅಂದರೆ ಒಮ್ಮೆಗೆ ಹೋಗಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಲೆಕ್ಕ ಸುಲಭ. ಮಾಮೂಲಿ ಈಥರ್‌ನೆಟ್ ಫ್ರೇಮ್ ಹೆಚ್ಚೆಂದರೆ 1518 ಬೈಟ್. ಒಂದು ಟ್ಯಾಗ್ ಸೇರಿದರೆ 1522. ಎರಡು ಸೇರಿದರೆ 1526. ದಾರಿಯಲ್ಲಿ ಯಾವುದೋ ಹಳೇ ಸ್ವಿಚ್ಚು 1522ಕ್ಕೆ ಗೆರೆ ಎಳೆದಿದ್ದರೆ ದೊಡ್ಡ ಫ್ರೇಮು ಅಲ್ಲೇ ಸಾಯುತ್ತದೆ, ಯಾರಿಗೂ ಹೇಳದೆ.

ಪರೀಕ್ಷೆ ಹೀಗೆ. ರೂಟರಿನಿಂದಲೇ, ತುಂಡು ಮಾಡಬೇಡ ಎಂಬ ಗುರುತು ಹಾಕಿ, ಗಾತ್ರ ಬದಲಾಯಿಸುತ್ತಾ ಪಿಂಗ್ ಮಾಡಿ. ಮೈಕ್ರೋಟಿಕ್‌ನಲ್ಲಿ ನೀವು ಕೊಡುವ ಗಾತ್ರ ಇಡೀ ಐಪಿ ಪ್ಯಾಕೆಟ್ಟಿನದ್ದು. ವಿಂಡೋಸಿನ ಹಾಗೆ 28 ಕಳೆದು ಲೆಕ್ಕ ಹಾಕಬೇಕಾಗಿಲ್ಲ. ನಮ್ಮಲ್ಲಿ 1500 ಹೋಗಲಿಲ್ಲ, 1497 ಹೋಗಲಿಲ್ಲ, 1496 ಹೋಯಿತು. ಸರಿಯಾಗಿ 4 ಬೈಟ್ ಕೊರತೆ, ಒಂದು ಟ್ಯಾಗಿನಷ್ಟು. ಇಷ್ಟು ನಿಖರವಾಗಿ ಸಿಕ್ಕಿದ ಮೇಲೆ ವಾದಕ್ಕೆ ಜಾಗ ಇಲ್ಲ. ಆದರೂ ಕಂಪನಿಯವರು ಆ ಸ್ವಿಚ್ಚು ಹುಡುಕಿ ಸರಿ ಮಾಡುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಅಲ್ಲಿಯವರೆಗೆ ನಾವು ಪಿಪಿಪಿಒಇಯ ಎಂಟಿಯುವನ್ನು 1492ರಿಂದ 1488ಕ್ಕೆ ಇಳಿಸಿ, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ತುಂಬುವ ಡೇಟಾದ ಮಿತಿ) ಬದಲಾಯಿಸುವ ಆಯ್ಕೆಯನ್ನು ಪ್ರೊಫೈಲಿನಲ್ಲಿ ಚಾಲು ಇಟ್ಟು ದಿನ ದೂಡಿದೆವು. ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ನಿಮ್ಮ ರೂಟರಿನ ಕಡೆಯ ಮಿತಿಯನ್ನೂ ನೋಡಿಕೊಳ್ಳಬೇಕು. ಮೈಕ್ರೋಟಿಕ್ ಇದಕ್ಕೆ ಎಲ್2 ಎಂಟಿಯು ಎಂಬ ಬೇರೆ ಅಂಕಿ ತೋರಿಸುತ್ತದೆ. ಇದರಲ್ಲಿ ಟ್ಯಾಗಿನ ಬೈಟ್ ಸೇರುತ್ತದೆ, ಮ್ಯಾಕ್ ವಿಳಾಸದ ತಲೆಭಾಗ ಸೇರುವುದಿಲ್ಲ. ಎರಡು ಟ್ಯಾಗಿನೊಳಗೆ 1500 ಹೋಗಬೇಕಾದರೆ ಅಡಿಯ ಪೋರ್ಟಿನಲ್ಲಿ ಇದು ಕನಿಷ್ಠ 1508 ಇರಬೇಕು. ಪಿಪಿಪಿಒಇ ಒಳಗೂ ಪೂರ್ತಿ 1500 ಬೇಕು ಅನ್ನುವವರಿಗೆ 1516. ಪ್ರತಿ ವಿಲ್ಯಾನ್ ಮೆಟ್ಟಿಲಿಗೆ ಈ ಅಂಕಿ 4 ಕಡಿಮೆ ಆಗುವುದು ಪರದೆಯಲ್ಲೇ ಕಾಣುತ್ತದೆ. ಬೇರೆ ಬ್ರಾಂಡಿನಲ್ಲಿ ಎಂಟಿಯು ಎಂಬ ಒಂದೇ ಪದದೊಳಗೆ ಏನೇನು ಸೇರಿದೆ ಅಂತ ಪುಸ್ತಕ ಹುಡುಕಬೇಕಾಗುತ್ತದೆ. ಜೂನಿಪರ್‌ನಲ್ಲಿ 1514 ಅಂದರೆ ತಲೆಭಾಗ ಸೇರಿಸಿ.

ಮಂಗಳೂರಿನಲ್ಲಿ ನನ್ನ ತಮ್ಮ ಇದೇ ಕೆಲಸದಲ್ಲಿದ್ದಾನೆ. ಅಲ್ಲಿ ದೊಡ್ಡ ಪೆಟ್ಟಿಗೆಗಳು. ಅವನ ಹತ್ತಿರ ಕೂತು ನೋಡಿದ್ದೇನೆ, ಹಾಗಾಗಿ ಹೋಲಿಸಿ ಹೇಳಬಲ್ಲೆ. ಜೂನಿಪರ್ ಎಂಎಕ್ಸ್‌ನಲ್ಲಿ ಪೋರ್ಟಿಗೆ ಫ್ಲೆಕ್ಸಿಬಲ್ ವಿಲ್ಯಾನ್ ಟ್ಯಾಗಿಂಗ್ ಅಂತ ಒಮ್ಮೆ ಹೇಳಿ, ಕೆಳಗೆ ಯುನಿಟ್ ಮಾಡಿ, ವಿಲ್ಯಾನ್ ಟ್ಯಾಗ್ಸ್ ಔಟರ್ 1201 ಇನ್ನರ್ 101 ಅಂತ ಒಂದೇ ಸಾಲು ಬರೆದರೆ ಆಯಿತು. ಓದಲು ಚೆಂದ. ಸಿಸ್ಕೋದಲ್ಲಿ ಸಬ್ ಇಂಟರ್‌ಫೇಸಿಗೆ ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ 1201 ಸೆಕೆಂಡ್ ಡಾಟ್1ಕ್ಯೂ 101. ಅವರದೇ ಎಎಸ್‌ಆರ್ 920ರಲ್ಲಿ ಸರ್ವಿಸ್ ಇನ್‌ಸ್ಟೆನ್ಸ್ ಎಂಬ ಬೇರೆ ಸಂಸಾರ. ಅಲ್ಲಿ ರೀರೈಟ್ ಇನ್‌ಗ್ರೆಸ್ ಟ್ಯಾಗ್ ಪಾಪ್ 2 ಸಿಮೆಟ್ರಿಕ್ ಅಂತ ಬರೆಯಬೇಕು. ಬರುವಾಗ ಎರಡು ಟ್ಯಾಗ್ ಕಿತ್ತು, ಹೋಗುವಾಗ ಎರಡೂ ವಾಪಸು ಹಾಕುವುದು ಆ ಸಾಲಿನ ಕೆಲಸ. ಕೊನೆಯ ಸಿಮೆಟ್ರಿಕ್ ಬಿಟ್ಟರೆ ಹೋಗುವ ದಾರಿಯಲ್ಲಿ ಟ್ಯಾಗ್ ಇರುವುದಿಲ್ಲ.

ದೊಡ್ಡವರು ನಿಜವಾಗಿ ಗೆಲ್ಲುವುದು ಬೇರೆ ಕಡೆ. ಜೂನಿಪರ್‌ನಲ್ಲಿ ಒಳ ಟ್ಯಾಗಿಗೂ ಹೊರ ಟ್ಯಾಗಿಗೂ ಇಷ್ಟರಿಂದ ಇಷ್ಟು ಅಂತ ವ್ಯಾಪ್ತಿ ಕೊಟ್ಟು ಬಿಡಬಹುದು. ಗಿರಾಕಿಯ ಮೊದಲ ಪ್ಯಾಕೆಟ್ ಬಂದಾಗ ಇಂಟರ್‌ಫೇಸ್ ತಾನಾಗಿ ಹುಟ್ಟುತ್ತದೆ. ಸಿಸಿಆರ್‌ನಲ್ಲಿ ಒಂದು ವಿಲ್ಯಾನ್ ಇಂಟರ್‌ಫೇಸಿಗೆ ಒಂದೇ ನಂಬರ್. ಮನೆ ಎಷ್ಟೋ ಅಷ್ಟು ಇಂಟರ್‌ಫೇಸ್. ಕೈಯಲ್ಲಿ ಮಾಡುತ್ತಾ ಕೂತರೆ ಬೇಸರ ಬರುತ್ತದೆ. 101ರಿಂದ 164ರವರೆಗೆ ಅಂತ ಲೂಪ್ ಹಾಕಿದ ಚಿಕ್ಕ ಸ್ಕ್ರಿಪ್ಟ್ ಬರೆದರೆ ಕ್ಷಣದಲ್ಲಿ ಆಗುತ್ತದೆ. ಆದರೆ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ, ಹೆಸರಿಡುವ ಶಿಸ್ತು ಇಲ್ಲದಿದ್ದರೆ ಸಂತೆಯಾಗುತ್ತದೆ. ನಾನು ಊರು, ಓಎಲ್‌ಟಿಯ ಪೋರ್ಟು, ಮನೆ ನಂಬರ್ ಮೂರನ್ನೂ ಹೆಸರಿನಲ್ಲೇ ಸೇರಿಸುತ್ತೇನೆ. ಗಿರಾಕಿಯ ಹೆಸರು ಹಾಕುವುದಿಲ್ಲ. ಮನೆ ಬಾಡಿಗೆಗೆ ಹೋದ ಮೇಲೆ ಅದು ಸುಳ್ಳಾಗುತ್ತದೆ.

ಇನ್ನೊಂದು ವಿಷಯ, ಈ ಮಾದರಿಯಲ್ಲಿ ಟ್ಯಾಗ್ ಕೀಳುವುದು, ಹಾಕುವುದು, ವೇಗಕ್ಕೆ ಮಿತಿ ಇಡುವುದು ಎಲ್ಲ ಪ್ರೊಸೆಸರಿನ ತಲೆ ಮೇಲೆ. 10 ಗಿಗಾದ ಪೋರ್ಟು 12 ಇದೆ ಅಂತ 120 ಗಿಗಾ ಹರಿಸುವ ಲೆಕ್ಕ ಹಾಕಬೇಡಿ. ನಮ್ಮಂಥ ಮೂರು ಊರಿಗೆ ಧಾರಾಳ ಸಾಕು. ರಾತ್ರಿ ಕ್ರಿಕೆಟ್ ಇರುವಾಗಲೂ ಕೋರುಗಳು ಆರಾಮಾಗಿ ಇರುತ್ತವೆ. ಇನ್ನೂ ಜಾಸ್ತಿ ಬೇಕಾದವರು 16 ಕೋರಿನ ಸಿಸಿಆರ್2116 ನೋಡಬಹುದು.

ಸೇಫ್ ಮೋಡ್ ಬಗ್ಗೆ ಎರಡು ಮಾತು ಬೇಕೇ ಬೇಕು. ರೂಟರ್ ಇರುವುದು ಪೇಟೆಯಲ್ಲಿ, ನಾನಿರುವುದು ಒಳಗೆ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಅಲ್ಲಿಗೆ ಹೋಗಿ ಬರುವುದೇ ಒಂದು ದಿನದ ಕೆಲಸ. ವಿನ್‌ಬಾಕ್ಸಿನ ಮೂಲೆಯ ಆ ಗುಂಡಿ ಒತ್ತಿ ಕೆಲಸ ಮಾಡಿದರೆ, ನಡುವೆ ಸಂಪರ್ಕ ಕಡಿದು ಹೋದಾಗ ಮಾಡಿದ ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ಹೊರ ಟ್ಯಾಗ್ ಮುಟ್ಟುವಾಗ ಒಂದು ಇಡೀ ಊರು ಅದರ ಮೇಲೆ ನಿಂತಿರುತ್ತದೆ. ನಮ್ಮ ಹುಡುಗರಿಗೆ ಇದು ಕಟ್ಟುನಿಟ್ಟಿನ ನಿಯಮ. ಎಕ್ಸ್‌ಪೋರ್ಟ್ ಕೊಟ್ಟರೆ ಇಡೀ ಜೋಡಣೆ ಬರೀ ಪಠ್ಯವಾಗಿ ಹೊರಬರುತ್ತದೆ, ತಿಂಗಳಿಗೊಮ್ಮೆ ತೆಗೆದಿಟ್ಟುಕೊಳ್ಳಿ. 7ನೇ ಆವೃತ್ತಿಯಲ್ಲಿ ಪಾಸ್‌ವರ್ಡುಗಳು ಅದರಲ್ಲಿ ಕಾಣುವುದಿಲ್ಲ, ಕೇಳಿದರೆ ಮಾತ್ರ ಬರುತ್ತವೆ.

ಬೆಲೆ. ಈ ಮಾದರಿ 2020ರಲ್ಲಿ ಬಂದಾಗ ಕಂಪನಿಯ ಪಟ್ಟಿ ಬೆಲೆ 595 ಡಾಲರ್ ಇತ್ತು. ಇಲ್ಲಿಗೆ ಬರುವಾಗ ಸಾಗಾಟ, ವ್ಯಾಪಾರಿಯ ಪಾಲು, ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಆದರೂ ದೊಡ್ಡ ಬ್ರಾಂಡಿನ ಹೊಸ ಪೆಟ್ಟಿಗೆಯ ಹತ್ತಿರವೂ ಸುಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಎಎಸ್‌ಆರ್ ಇದೇ ದುಡ್ಡಿಗೆ ಸಿಗಬಹುದು, ಆದರೆ ಲೈಸೆನ್ಸ್ ಯಾವುದಿದೆ ಎಂದು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ. ಇದರಲ್ಲಿ ಆ ತಲೆನೋವಿಲ್ಲ.

ನನ್ನ ಲೆಕ್ಕದಲ್ಲಿ, ಹೊರ ಟ್ಯಾಗ್ ಬೆರಳೆಣಿಕೆಯಷ್ಟು, ಮನೆ ಕೆಲವು ನೂರು ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಸಾವಿರಗಟ್ಟಲೆ ಮನೆಗೆ ಒಂದೊಂದು ಒಳ ಟ್ಯಾಗ್ ಕೊಡುವ ಯೋಜನೆ ಇದ್ದರೆ ಬೇಡ, ತಾನಾಗಿ ಇಂಟರ್‌ಫೇಸ್ ಹುಟ್ಟಿಸುವ ಪೆಟ್ಟಿಗೆಗೇ ದುಡ್ಡು ಕೂಡಿಡಿ. ಯಾವುದನ್ನು ತೆಗೆದುಕೊಂಡರೂ, ಲೈನಿನ ಕಾಗದಕ್ಕೆ ಸಹಿ ಹಾಕುವ ಮೊದಲು ಹೊರ ಟ್ಯಾಗಿನ ಈಥರ್‌ಟೈಪ್ ಯಾವುದು, ದಾರಿಯುದ್ದಕ್ಕೂ 1526 ಬೈಟಿನ ಫ್ರೇಮ್ ಹೋಗುತ್ತದಾ ಎಂಬುದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ಸಾಲದು. ಮತ್ತೆ, ಎಸ್‌ಎಫ್‌ಪಿ ಮಾಡ್ಯೂಲ್ ಪೆಟ್ಟಿಗೆಯೊಳಗೆ ಬರುವುದಿಲ್ಲ. ಕಂಪನಿಯವರ ತುದಿಯಲ್ಲಿ ಒಂದೇ ನೂಲಿನದ್ದೋ ಎರಡು ನೂಲಿನದ್ದೋ, ಎಷ್ಟು ಕಿಲೋಮೀಟರಿನದ್ದು ಅಂತ ಕೇಳಿ, ಅದಕ್ಕೆ ಜೋಡಿಯಾಗುವುದನ್ನೇ ರೂಟರಿನ ಜೊತೆಗೆ ಆರ್ಡರ್ ಮಾಡಿ.